ಗಣಕಯಂತ್ರವೋ, ಹಾರ್ಮೋನಿಯಮ್ಮೋ?



ಸ್ಮರಣ ಸಂಚಿಕೆಗೆ ಮುಖ್ಯಾಧ್ಯಾಪಿಕೆಯಾದವಳು ಶಾಲೆಯ ಏಳಿಗೆಯನ್ನು ಕುರಿತು ನಾಲ್ಕು ಸವಿಮಾತುಗಳನ್ನು ಬರೆಯುವದು ವಾಡಿಕೆ. ಈ ಸಲ ಆ ವಾಡಿಕೆಯನ್ನು ಬದಿಗಿರಿಸಿ, ಒಂದು ಹಣದ ಪ್ರಶ್ನೆಯನ್ನು ತಮ್ಮ ಮುಂದಿಡುವದಕ್ಕೆ ಅಪ್ಪಣೆ ಬೇಡುತ್ತೇನೆ. ಹಳೆಯ ವಿದ್ಯಾರ್ಥಿನಿಯರು ಪ್ರೀತಿಯಿಂದ ಕೂಡಿಸಿಕೊಟ್ಟ ೬೦,೦೦೦ ರೂಪಾಯಿಗಳು ಶಾಲೆಯ ಕೈಸೇರಿವೆ. ಶಾಲೆಯಲ್ಲಿರುವ ಹತ್ತು ಗಣಕಯಂತ್ರಗಳು ಹಳತಾಗಿ ಕುಂಟುತ್ತಿವೆ. ಪ್ರಾರ್ಥನಾ ಮಂದಿರದ ಹಾರ್ಮೋನಿಯಮ್ಮು ಉಸಿರು ಬಿಟ್ಟು ಬಹುಕಾಲವಾಯಿತು. ಹಣವು ಒಂದಕ್ಕೇ ಸಾಲದು, ಕೇಳುವವು ಎರಡು. ಯಾವದನ್ನು ಕೊಳ್ಳಬೇಕು? ಯಾವದನ್ನು ಬಿಡಬೇಕು?

ಮೊದಲು ಗಣಕಯಂತ್ರಗಳ ಪರವಾಗಿ ಹೇಳತಕ್ಕದ್ದನ್ನು ಹೇಳುವದು ನ್ಯಾಯ. ತಂಗಡಗಿಯ ಪಾಲಕರೊಬ್ಬರು ಕಳೆದ ಸಭೆಯಲ್ಲಿ ಎದ್ದು ನಿಂತು, “೧೫೬೫ರ ಜನವರಿಯ ಯುದ್ಧಕ್ಕೆ ನಮ್ಮೂರ ಹೆಸರು ಅಂಟಿಕೊಂಡಿದೆ. ರಕ್ಕಸಗಿ-ತಂಗಡಗಿ ಎಂದು ಮಕ್ಕಳು ಇತಿಹಾಸದಲ್ಲಿ ಓದುತ್ತಾರೆ. ತೋಪು ಯಾರ ಕೈಯಲ್ಲಿ ಬಲವಾಗಿತ್ತೋ ಅವರೇ ಗೆದ್ದರು. ಈ ಕಾಲದ ತೋಪು ಗಣಕಯಂತ್ರವು. ಅದಿಲ್ಲದೆ ನಮ್ಮ ಹುಡುಗಿಯರನ್ನು ರಣಕ್ಕೆ ಕಳುಹಬೇಡಿರಿ” ಎಂದರು. ಸಭೆಯು ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆನು. ಅವರ ಮಾತಿನ ಹಿಂದಿನ ಸಂಕಟವನ್ನು ನಾನು ಬಲ್ಲೆನು. ವಿದ್ಯಾರ್ಥಿವೇತನದ ಅರ್ಜಿಯೂ, ಕಾಲೇಜಿನ ಪ್ರವೇಶವೂ, ನೌಕರಿಯ ಪರೀಕ್ಷೆಯೂ ಇಂದು ಅಂತರ್ಜಾಲದ ಮೂಲಕವೇ ನಡೆಯುತ್ತವೆ. ಶಾಲೆಯ ಯಂತ್ರವು ಕೈಕೊಟ್ಟರೆ ಹುಡುಗಿಯು ತಂದೆಯೊಡನೆ ಮುದ್ದೇಬಿಹಾಳದ ಅಂಗಡಿಗೆ ಹೋಗಬೇಕು; ತಂದೆಗೆ ಒಂದು ದಿನದ ಕೂಲಿ ನಷ್ಟ, ಅಂಗಡಿಯವನಿಗೆ ಶುಲ್ಕ ಬೇರೆ. ತನ್ನ ಅರ್ಜಿಯನ್ನು ತಾನೇ ತುಂಬಲಾರದ ಹುಡುಗಿಯು, ಹತ್ತು ವರ್ಷ ಓದಿಯೂ, ಅನ್ಯರ ಬೆರಳನ್ನು ನಂಬಿ ಬಾಳಬೇಕಾಗುವದು.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ನಮ್ಮ ಯಂತ್ರಗಳಲ್ಲಿರುವ ವಿಂಡೋಸ್ ೧೦ ಎಂಬ ತಂತ್ರಾಂಶಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ ೧೪ಕ್ಕೆ ಮುಗಿಯಿತು. ಅದರ ಮುಂದಿನ ವಿಂಡೋಸ್ ೧೧ ನಮ್ಮ ಯಂತ್ರಗಳಿಗೆ ಹೊಂದುವದಿಲ್ಲ; ಅದು ಟಿ.ಪಿ.ಎಂ. ೨.೦ ಎಂಬ ಭದ್ರತಾ ಭಾಗವನ್ನೂ, ಇಂಟೆಲ್ ಸಂಸ್ಥೆಯ ಎಂಟನೆಯ ಪೀಳಿಗೆಯ ಅಥವಾ ಅದಕ್ಕೂ ಈಚಿನ ಸಂಸ್ಕಾರಕವನ್ನೂ ಬೇಡುತ್ತದೆ. ನಮ್ಮವು ಆರನೆಯ ಪೀಳಿಗೆಯವು. ಬೆಲೆ ವಿಚಾರಿಸಿದಾಗ ವ್ಯಾಪಾರಿಯೊಬ್ಬರು, “ಎಲ್ಲವನ್ನೂ ಗುಜರಿಗೆ ಹಾಕಿ ಹೊಸವನ್ನೇ ಕೊಳ್ಳಿರಿ” ಎಂದು ಸಲಹೆಯಿತ್ತರು. ಒಂದಕ್ಕೆ ೩೫,೦೦೦ದಂತೆ ಹತ್ತಕ್ಕೆ ಮೂರೂವರೆ ಲಕ್ಷ! ನಮ್ಮ ಗಂಟಿನಲ್ಲಿ ಎರಡು ಯಂತ್ರಗಳೂ ಬಾರವು.

ಗೋಪುರವನ್ನು ಕಟ್ಟಬೇಕೆಂದಿರುವವನು ಮೊದಲು ಕುಳಿತು ವೆಚ್ಚವನ್ನು ಲೆಕ್ಕಿಸಬೇಕೆಂದು ನಮ್ಮ ಕರ್ತನು ಲೂಕನ ಸುವಾರ್ತೆಯಲ್ಲಿ ಬೋಧಿಸಿರುವನಷ್ಟೆ. ಹಾಗೆಯೇ ನಾವೂ ಕುಳಿತು ಲೆಕ್ಕ ಹಾಕಿದೆವು. ತಿಳಿದವರನ್ನು ಕರೆಯಿಸಿ ಯಂತ್ರಗಳನ್ನು ಬಿಚ್ಚಿಸಿ ನೋಡಲಾಗಿ, ಹತ್ತರಲ್ಲಿ ಎಂಟರ ಮೂಲಫಲಕಗಳು ಗಟ್ಟಿಯಾಗಿವೆ. ಅವುಗಳ ಮಂದಗತಿಗೆ ಮುಖ್ಯ ಕಾರಣವು ಒಳಗೆ ತಿರುಗುವ ಹಳೆಯ ಡಿಸ್ಕು. ಎರಡನೆಯದು ಸ್ಮರಣೆಯ ಕೊರತೆ. ಮೂರನೆಯದು, ನಮ್ಮ ಎರೆನೆಲದ ಧೂಳು ಪಂಖಗಳಲ್ಲಿ ತುಂಬಿ ಬೇಸಿಗೆಯಲ್ಲಿ ಕಾವೇರುವದು. ತಿರುಗುವ ಡಿಸ್ಕಿನಲ್ಲಿ ಸೂಜಿಯಂಥ ಭಾಗವೊಂದು ಅತ್ತಿತ್ತ ಸರಿದು ಅಕ್ಷರಗಳನ್ನು ಹುಡುಕಬೇಕಾಗುತ್ತದೆ. ಎಸ್.ಎಸ್.ಡಿ. ಎಂಬ ಹೊಸ ಬಗೆಯದರಲ್ಲಿ ಚಲಿಸುವ ಭಾಗವೇ ಇಲ್ಲ. ಆದುದರಿಂದ ಹಳೆಯ ಯಂತ್ರವೂ ಚುರುಕಾಗುವದು. ಎಂಟು ಎಸ್.ಎಸ್.ಡಿ.ಗಳಿಗೆ ೨೦,೦೦೦, ಸತ್ತ ಎರಡು ಯಂತ್ರಗಳ ಸ್ಮರಣಪಟ್ಟಿಗಳನ್ನು ತೆಗೆದು ಎರಡಕ್ಕೆ ಜೋಡಿಸಿ, ಉಳಿದ ಆರಕ್ಕೆ ಕೊಳ್ಳುವದಕ್ಕೆ ೧೨,೦೦೦, ವಿದ್ಯುತ್ತು ಹೋದಾಗ ಕೆಲಸ ಕೆಡದಂತೆ ಕಾಯುವ ಬ್ಯಾಟರಿಗಳಿಗೆ ೫,೦೦೦, ಕೆಲಸಗಾರರ ಕೂಲಿ ೩,೦೦೦. ಒಟ್ಟು ೪೦,೦೦೦.

ತಂತ್ರಾಂಶಕ್ಕೆ ಹಣವೇ ಬೇಡ. ಲಿನಕ್ಸ್ ಎಂಬ ಮುಕ್ತ ತಂತ್ರಾಂಶವನ್ನು ಯಾರಾದರೂ ಬೆಲೆಯಿಲ್ಲದೆ ಹಾಕಿಕೊಳ್ಳಬಹುದು. ನೆರೆಯ ಕೇರಳದ ಸರಕಾರೀ ಶಾಲೆಗಳಲ್ಲಿ ಲಕ್ಷಾಂತರ ಮಕ್ಕಳು ಅನೇಕ ವರ್ಷಗಳಿಂದ ಅದರಲ್ಲಿಯೇ ಕಲಿಯುತ್ತಿದ್ದಾರೆ. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯ ವಿನ್ಯಾಸವು ಅದರಲ್ಲಿಯೂ ದೊರೆಯುವದರಿಂದ ನಮ್ಮ ಹುಡುಗಿಯರು ಕನ್ನಡ ಬರೆಯುವದಕ್ಕೆ ಅಡ್ಡಿಯಿಲ್ಲ. ನೌಕರಿಯಲ್ಲಿ ವಿಂಡೋಸನ್ನೇ ಕೇಳುವರಲ್ಲಾ ಎಂದು ಕೆಲವರು ಆಕ್ಷೇಪಿಸಬಹುದು. ಒಂದು ಒಲೆಯ ಮೇಲೆ ರೊಟ್ಟಿ ಬಡಿಯಲು ಕಲಿತವಳು ಮತ್ತೊಂದು ಒಲೆಯ ಮುಂದೆ ದಿಕ್ಕುಗೆಡಳು. ಇದೇ ನನ್ನ ಉತ್ತರ.

ಇನ್ನು ಉಳಿದ ೨೦,೦೦೦. “ಇನ್ನರ್ಧ ಹೊಸ ಯಂತ್ರಕ್ಕೆ ಕೂಡಿಸಿಡಿರಿ” ಎಂದು ಹಲವರೂ, “ಪೇಟಿಯನ್ನು ಕೊಳ್ಳಿರಿ” ಎಂದು ಕೆಲವರೂ ಹೇಳುತ್ತಾರೆ. ಇಲ್ಲಿ ನನ್ನ ಹಳೆಯ ತಪ್ಪೊಂದನ್ನು ಒಪ್ಪಿಕೊಳ್ಳದೆ ಮುಂದುವರಿಯಲಾರೆನು. ಏಳು ವರ್ಷಗಳ ಹಿಂದೆ ಇದೇ ಬಗೆಯ ದಾನದ ಹಣವು ಬಂದಾಗ, ನಾನು ಕಾಸೂ ಉಳಿಸದೆ ಎಲ್ಲವನ್ನೂ ಗಣಕದ ಕೋಣೆಗೆ ಸುರಿದೆನು. ತಿದಿ ಹರಿದಿದ್ದ ಪೇಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆನು. ಎಂಟನೆಯ ತರಗತಿಯ ಒಬ್ಬ ಹುಡುಗಿಯು ಘಂಟೆಗೆ ಮುಂಚೆಯೇ ಬಂದು ಅದನ್ನು ನುಡಿಸುವ ರೂಢಿಯವಳು. “ಅಕ್ಕಾರ, ಪೇಟಿ ಯಾವಾಗ ತೆಗೀತೀರಿ?” ಎಂದು ಕೇಳಿದಳು. “ಮುಂದಿನ ವರುಷ” ಎಂದೆನು. ಮರುವರ್ಷವೂ ಕೇಳಿದಳು; ಅದೇ ಉತ್ತರವನ್ನಿತ್ತೆನು. ಮೂರನೆಯ ವರ್ಷ ಅವಳು ಕೇಳಲಿಲ್ಲ. ಅವಳು ಹತ್ತನೆಯದನ್ನು ಮುಗಿಸಿ ಹೋದ ಮೇಲೆ ಕಪಾಟನ್ನು ತೆರೆಯಲು, ಇಲಿಗಳು ತಿದಿಯನ್ನು ಪೂರಾ ತಿಂದಿದ್ದವು. ಈ ಸಲದ ವಂತಿಗೆಯ ಲಕೋಟೆಗಳಲ್ಲಿ ಅವಳದೂ ಒಂದಿತ್ತು. ಒಳಗೆ ಐವತ್ತೊಂದು ರೂಪಾಯಿ. ಚೀಟಿಯ ಮೇಲೆ “ಪೇಟಿಗೆ” ಎಂಬ ಒಂದೇ ಮಾತು.

ಹವ್ಯಾಸವೆಂದರೆ ಹೊಟ್ಟೆ ತುಂಬಿದವರ ವಿಲಾಸವೆಂಬ ಭಾವನೆಯು ನಮ್ಮಲ್ಲಿ ಬಲವಾಗಿದೆ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇಮ್ಮಡಿ. ಗಂಡುಮಗನು ಚೆಂಡಾಡಿದರೆ ಆಟ. ಹುಡುಗಿಯು ಅರ್ಧ ತಾಸು ಸ್ವರ ಹಿಡಿದು ಕೂತರೆ ಕೆಲಸಗೇಡು! ಆದರೆ ನಮ್ಮ ಹುಡುಗಿಯರ ದಿನಚರಿಯನ್ನು ನೋಡಿರಿ. ಮುಂಜಾನೆ ನೀರು, ಕಸ, ರೊಟ್ಟಿ, ಹಗಲು ಪಾಠ, ಸಂಜೆ ತಮ್ಮತಂಗಿಯರ ಆರೈಕೆ. ಯಾರ ಉಪಯೋಗಕ್ಕೂ ಅಲ್ಲದೆ ತನ್ನ ಸಂತೋಷಕ್ಕಾಗಿ ಮಾತ್ರ ಮಾಡುವ ಕೆಲಸವು ಅವಳ ದಿನದಲ್ಲಿ ಒಂದಾದರೂ ಇದೆಯೇ? ಅದಕ್ಕೆ ಸ್ಥಳ ಕೊಡಬಲ್ಲದ್ದು ಶಾಲೆಯೊಂದೇ.

ಹಾರ್ಮೋನಿಯಮ್ಮನ್ನು ಕುರಿತು ಪಂಡಿತರ ತಕರಾರು ನನಗೆ ತಿಳಿಯದ್ದಲ್ಲ. ೧೮೪೨ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದು, ಮಿಶನರಿಗಳೊಡನೆ ನಮ್ಮ ದೇಶಕ್ಕೆ ಬಂದು, ಕಲಕತ್ತೆಯ ದ್ವಾರಕಾನಾಥ ಘೋಷರ ಕೈಯಲ್ಲಿ ನೆಲದ ಮೇಲೆ ಕುಳಿತು ನುಡಿಸತಕ್ಕ ಪೇಟಿಯಾದ ಈ ವಾದ್ಯವು ಮೀಂಡನ್ನು ನುಡಿಸಲಾರದೆಂದೂ, ಅದರ ಸ್ವರಗಳು ರಾಗಕ್ಕೆ ತಕ್ಕಂತೆ ಬಾಗಲಾರವೆಂದೂ ಅವರ ವಾದ. ಆಕಾಶವಾಣಿಯು ೧೯೪೦ರಿಂದ ೧೯೭೧ರ ವರೆಗೆ ಅದನ್ನು ಹೊರಗಿಟ್ಟಿತ್ತು. ಆದರೂ ಪ್ರಾರ್ಥನೆಯಲ್ಲಿ, ಭಜನೆಯಲ್ಲಿ, ನಾಟಕದಲ್ಲಿ ನಮ್ಮ ಜನರು ಅದನ್ನು ಬಿಡಲಿಲ್ಲ. ಕಲಿಯತೊಡಗಿದ ಹುಡುಗಿಗೆ ಕದಲದ ಸ್ವರವೊಂದು ಆಧಾರ. ವಿದ್ಯುತ್ತು ಬೇಡ, ಅಂತರ್ಜಾಲ ಬೇಡ, ಯಾವ ಸಂಸ್ಥೆಯ ಬೆಂಬಲವೂ ಒಂದು ತಾರೀಖಿಗೆ ಮುಗಿಯದು. ಜೋಪಾನ ಮಾಡಿದರೆ ಮೂವತ್ತು ವರ್ಷ ಬಾಳುವದು.

ನಮ್ಮ ಭಾಗದ ಗಂಗೂಬಾಯಿ ಹಾನಗಲ್ಲರು ಸವಾಯಿ ಗಂಧರ್ವರಲ್ಲಿ ಕಲಿಯುವದಕ್ಕೆ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಜನರ ಕುಹಕವನ್ನು ಸಹಿಸಿದರು. ನಮ್ಮ ಹುಡುಗಿಯರೆಲ್ಲ ಗಂಗೂಬಾಯಿಗಳಾಗುವರೆಂದು ನಾನು ಹೇಳುವದಿಲ್ಲ, ಒಬ್ಬಳೂ ಆಗದಿರಬಹುದು. ಹಾಡು ಬಲ್ಲ ತಾಯಂದಿರಾದರೆ, ದುಃಖದ ದಿನಗಳಲ್ಲಿ ಹಾಡಿಕೊಳ್ಳಬಲ್ಲ ಹೆಂಗಸರಾದರೆ ಸಾಕು.

ಬೇಥಾನ್ಯದ ಮನೆಯಲ್ಲಿ ಮರಿಯಳು ಬೆಲೆಯುಳ್ಳ ಸುಗಂಧ ತೈಲವನ್ನು ಕರ್ತನ ಪಾದಗಳಿಗೆ ಹಚ್ಚಿದಾಗ, ಅದನ್ನು ಮಾರಿ ಬಡವರಿಗೆ ಕೊಡಬಹುದಾಗಿತ್ತಲ್ಲಾ ಎಂದು ಲೆಕ್ಕ ಕೇಳಿದವನೊಬ್ಬನಿದ್ದನು. ಆ ಪ್ರಸಂಗವನ್ನು ದುಂದುಗಾರಿಕೆಗೆ ಗುರಾಣಿ ಮಾಡಿಕೊಳ್ಳಬಾರದು. ಅದಕ್ಕಾಗಿಯೇ ಯಂತ್ರಗಳ ಲೆಕ್ಕವನ್ನು ಮೊದಲು ಒಪ್ಪಿಸಿದೆನು. ಆದರೆ ಲೆಕ್ಕವೊಂದೇ ಎಲ್ಲವಲ್ಲವೆಂಬುದೂ ಅಲ್ಲಿಯ ಬೋಧೆ.

ಆದುದರಿಂದ ನನ್ನ ಅಭಿಪ್ರಾಯವು ಹೀಗಿದೆ: ಮೊದಲು ೪೦,೦೦೦ದಲ್ಲಿ ಎಂಟು ಯಂತ್ರಗಳ ದುರಸ್ತಿ, ಆ ಮಿತಿಯನ್ನು ಒಂದು ರೂಪಾಯಿಯಷ್ಟೂ ದಾಟಕೂಡದು. ಬಳಿಕ ೧೮,೦೦೦ದೊಳಗೆ ಒಂದು ಒಳ್ಳೆಯ ಹಾರ್ಮೋನಿಯಮ್ಮು. ಉಳಿದ ೨,೦೦೦ದಲ್ಲಿ ಹಳೆಯ ತಬಲಗಳಿಗೆ ಹೊಸ ಹೊದಿಕೆ. ಇದರಿಂದಾಗುವ ನಷ್ಟವನ್ನೂ ಮುಚ್ಚಿಡಲಾರೆನು. ಹತ್ತು ಯಂತ್ರಗಳಿದ್ದಲ್ಲಿ ಎಂಟೇ ಉಳಿಯುವವು. ಕೆಲವು ತರಗತಿಗಳಲ್ಲಿ ಮೂವರು ಹುಡುಗಿಯರು ಒಂದರ ಮುಂದೆ ಕೂಡಬೇಕಾಗುವದು. ಎಂಟೂ ಮುದಿಯಂತ್ರಗಳೇ, ನಾಲ್ಕೈದು ವರ್ಷಗಳ ಮೇಲೆ ಇದೇ ಪ್ರಶ್ನೆಯು ಮತ್ತೆ ಬರುವದು. ಆದರೆ ಹಾಡನ್ನು “ಮುಂದಿನ ವರುಷ”ಕ್ಕೆ ದೂಡಿದ ಕಪಾಟನ್ನು ಇನ್ನೊಮ್ಮೆ ತೆರೆದು ನೋಡುವ ಧೈರ್ಯವು ನನಗಿಲ್ಲ.

ತೋಪಿನ ಮಾತನ್ನೆತ್ತಿದ ಪಾಲಕರಿಗೆ ವಿನಯದಿಂದ ಒಂದು ಅರಿಕೆ. ೧೫೪೯ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪು ಇಂದು ವಿಜಯಪುರದ ಬುರುಜಿನ ಮೇಲೆ ಮೌನವಾಗಿ ಮಲಗಿದೆ. ತಮ್ಮದೇ ಊರಾದ ತಂಗಡಗಿಯ ಹೊಳೆದಂಡೆಯಲ್ಲಿ ಐಕ್ಯಳಾದಳೆಂದು ಜನರು ನಂಬುವ ನೀಲಮ್ಮನ ವಚನಗಳೋ, ಎಂಟುನೂರು ವರ್ಷಗಳ ಮೇಲೆಯೂ ಬಾಯಿಂದ ಬಾಯಿಗೆ ಹರಿಯುತ್ತಿವೆ. ತೋಪೂ ಬೇಕಾದ ಕಾಲವುಂಟು. ಆದರೆ ಹೆಣ್ಣುಮಗಳೊಬ್ಬಳ ದನಿಯು ಅದಕ್ಕಿಂತ ಹೆಚ್ಚು ಕಾಲ ಬಾಳಿತೆಂಬುದಕ್ಕೆ ತಮ್ಮೂರೇ ಸಾಕ್ಷಿ.

ಸಮಿತಿಯ ನಿರ್ಣಯವು ಇನ್ನೂ ಆಗಬೇಕಾಗಿದೆ. ಭಿನ್ನಾಭಿಪ್ರಾಯವುಳ್ಳವರು ಸಂಕೋಚವಿಲ್ಲದೆ ಬರೆದು ತಿಳಿಸಬೇಕು. ಪೇಟಿ ಬಲ್ಲ ಹಳೆಯ ವಿದ್ಯಾರ್ಥಿನಿಯರಲ್ಲಿ ನಾನು ಹಣವನ್ನು ಬೇಡುವದಿಲ್ಲ. ಶನಿವಾರದ ಒಂದು ತಾಸನ್ನು ಬೇಡುತ್ತೇನೆ. ಐವತ್ತೊಂದು ರೂಪಾಯಿ ಕಳಿಸಿದವಳು ಇದನ್ನೋದಿದರೆ, ಮೊದಲನೆಯ ಶನಿವಾರ ಅವಳೇ ಬರಲಿ; ಈ ಸಲ ಕಪಾಟಿಗೆ ಬೀಗವಿರುವದಿಲ್ಲ.

ಇತಿ ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಿಕೆ