ಸಿಟ್ಟಿನ ಬೆನ್ನಿಗೆ ನಿಂತ ಅಂಜಿಕೆ



ಒಕ್ಕಲುತನದ ಹಿರಿಯರೊಬ್ಬರು ಧರ್ಮಪತ್ನಿಯೊಂದಿಗೆ ಮಠಕ್ಕೆ ಬಂದಿದ್ದರು. 2023ರ ಬರದಲ್ಲಿ ಹೆಸರಿನ ಬೆಳೆ ಕೈಕೊಟ್ಟಾಗಿನ ಸಾಲ ಉಳಿದಿತ್ತು, ಕಿರಿಮಗಳ ಮದುವೆ ಮುಂದಿತ್ತು. ಆ ತಾಯಿ ಮೆಲ್ಲಗೆ, "ಅಜ್ಜಾರ, ಮುಂಜಾನೆ ಎದ್ದಕೂಡ್ಲೆ ಸಿಟ್ಟು. ತಾಟು ಸಪ್ಪಳಾದ್ರ ಸಿಟ್ಟು, ಮೊಮ್ಮಗ ಅತ್ರ ಸಿಟ್ಟು" ಎಂದರು. ಯಜಮಾನರು ತಲೆ ತಗ್ಗಿಸಿ, "ಸಿಟ್ಟು ಅಲ್ರಿ ಅಜ್ಜಾರ, ಎದಿ ಡವಡವ ಅಂತೈತಿ. ರಾತ್ರಿ ಎರಡಕ್ಕ ಎಚ್ಚರಾದ್ರ ಮತ್ತ ನಿದ್ದಿ ಇಲ್ಲ" ಎಂದರು.

ಅರಿಷಡ್ವರ್ಗದಲ್ಲಿ ಕ್ರೋಧವೂ ಒಂದು, ಅದನ್ನು ಬಿಡಿ ಎಂದು ಬೋಧಿಸುವುದು ನಮಗೆ ಸುಲಭ. ಆದರೆ ಎಲ್ಲ ಸಿಟ್ಟಿನ ಬೇರೂ ಒಂದೇ ಅಲ್ಲ. ಅಹಂಕಾರದ ಸಿಟ್ಟು ಬೇರೆ, ಅಂಜಿಕೆಯ ಸಿಟ್ಟು ಬೇರೆ. ಚಿಂತೆ ಹೊಕ್ಕ ದೇಹ ಹಗಲಿರುಳು ಕಾವಲು ಕಾಯುತ್ತದೆ. ಉಸಿರು ಮೇಲೆಮೇಲೆ, ಹೆಗಲು ಬಿಗಿ, ಸಣ್ಣ ಸಪ್ಪಳವೂ ಅಪಾಯದಂತೆ ಕೇಳಿಸುತ್ತದೆ. ಬೆದರಿದ ಎತ್ತು ಸಾಕಿದವನನ್ನೇ ಹಾಯುವುದನ್ನು ಒಕ್ಕಲಿಗರಿಗೆ ನಾವು ಹೇಳಬೇಕಾಗಿಲ್ಲ. ಅದಕ್ಕೆ ಬಾರುಕೋಲು ಬೀಸಿದರೆ ಇನ್ನಷ್ಟು ಬೆದರುತ್ತದೆ.

ನಮ್ಮನ್ನೂ ಇದು ಬಿಟ್ಟಿಲ್ಲ. ಒಂದು ವರ್ಷ ಜಾತ್ರೆಯ ದಾಸೋಹಕ್ಕೆ ಜೋಳ ಸಾಲದೆಂಬ ಚಿಂತೆಯಲ್ಲಿದ್ದಾಗ, ವಿಭೂತಿಗಟ್ಟಿ ಬೀಳಿಸಿದ ಮರಿಯನ್ನು ಜೋರಾಗಿ ಗದರಿದೆವು. ಜೋಳ ಬಂತು. ಆ ಹುಡುಗ ಮಾತ್ರ ಬಹಳ ದಿನ ನಮ್ಮ ಹತ್ತಿರ ಸುಳಿಯಲಿಲ್ಲ.

ಅಂಜಿಕೆಯ ಸಿಟ್ಟೂ ತಗ್ಗು ನೋಡಿಯೇ ಹರಿಯುತ್ತದೆ. ಸೊಸೈಟಿಯಲ್ಲಿ ಕೈಮುಗಿದು ನಿಂತವರು ಮನೆಗೆ ಬಂದು ಹೆಂಡತಿಯ ಮೇಲೆ ಕೂಗುತ್ತಾರೆ. ಅಲ್ಲಿ ತಡೆಯಲು ಬಂದದ್ದು ಇಲ್ಲೇಕೆ ಬಾರದು? ಬಸವಣ್ಣನವರು ಮುನಿಯುವುದನ್ನು ಕಳವು, ಕೊಲೆ, ಸುಳ್ಳುಗಳ ಸಾಲಿನಲ್ಲಿಯೇ ಇಟ್ಟಿದ್ದಾರೆ. ಹಿಂದೆ ಇಂಥ ಮನೆಗಳ ತಾಯಂದಿರಿಗೆ "ತಾಳವ್ವಾ" ಎಂದು ಹೇಳಿ ಕಳಿಸುತ್ತಿದ್ದೆವು. ಅದು ನಮ್ಮ ತಪ್ಪು. ಹೆಂಡತಿ ತಾಳಿದರೆ ಗಂಡನ ಅಂಜಿಕೆ ಇಳಿಯುವುದಿಲ್ಲ. ಕೈ ಎತ್ತುವ ಮನೆಯಲ್ಲಂತೂ ಆ ಮಾತೇ ಬೇಡ. ತಾಯಿ ಮಕ್ಕಳ ರಕ್ಷಣೆ ಮೊದಲು.

ಯಜಮಾನರಿಗೆ ಹೇಳಿದೆವು: ಎದೆ ಬಡಿದುಕೊಂಡಾಗ ಬಾಯಿ ತೆರೆಯುವ ಮೊದಲು ಎದ್ದು ಹಿತ್ತಲಿಗೆ ಹೋಗಿರಿ, ಉಸಿರನ್ನು ಉದ್ದಕ್ಕೆ ಬಿಡಿರಿ. "ನನಗ ಇವತ್ತ ಅಂಜಿಕಿ ಆಗೇತಿ" ಎಂದು ಮನೆಯವರಿಗೆ ಬಾಯಿಬಿಟ್ಟು ಹೇಳಿರಿ. ಬೆಳಗಿನ ಇಷ್ಟಲಿಂಗ ಪೂಜೆಯನ್ನು ಅವಸರದಲ್ಲಿ ಮುಗಿಸಬೇಡಿರಿ. ಅಂಗೈಯ ಲಿಂಗದಲ್ಲಿ ದೃಷ್ಟಿ ನಿಲ್ಲಲಿ, ಉಸಿರಿನ ಜೊತೆ ಪಂಚಾಕ್ಷರಿ ಸಾಗಲಿ. ಮನಸ್ಸು ತಿಳಿಯಾಗುವುದನ್ನೇ ಸಿದ್ಧಾಂತ ಶಿಖಾಮಣಿ ಪ್ರಸಾದವೆನ್ನುತ್ತದೆ. ಪ್ರಸಾದವೆಂದು ಕಣ್ಣಿಗೊತ್ತಿಕೊಂಡ ತಾಟನ್ನೇ ಉಪ್ಪು ಕಡಿಮೆಯೆಂದು ಎಸೆಯುವ ಭಕ್ತರನ್ನೂ ನಾವು ಕಂಡಿದ್ದೇವೆ!

ಆದರೆ ವಾರಗಟ್ಟಲೆ ನಿದ್ರೆ ಇಲ್ಲದವರಿಗೆ ಪೂಜೆಯೊಂದೇ ಸಾಕೆಂದು ನಾವು ಹೇಳಲಾರೆವು. ಥೈರಾಯ್ಡ್ ಹೆಚ್ಚಾದರೂ ಎದೆ ಬಡಿತ, ಸಿಡುಕು ಬರುತ್ತವೆ. ಅದನ್ನು ರಕ್ತಪರೀಕ್ಷೆಯೇ ಹೇಳಬೇಕು. ನಮ್ಮ ಸತ್ತೂರಿನಲ್ಲಿ ಎಸ್.ಡಿ.ಎಂ. ಆಸ್ಪತ್ರೆ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. "ಹುಚ್ಚರ ದವಾಖಾನಿ" ಎಂದು ಹಿಂಜರಿಯುವವರು ಮೊದಲು 14416ಕ್ಕೆ ಫೋನು ಮಾಡಲಿ. 2022ರಲ್ಲಿ ಆರಂಭವಾದ ಈ ಸರಕಾರಿ ಸಹಾಯವಾಣಿಗೆ ಹಣ ಕೊಡಬೇಕಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ಗುಳಿಗೆ ನುಂಗಿದರೆ ಭಕ್ತಿ ಕಡಿಮೆಯಾಗುವುದಿಲ್ಲ.

ಆ ಯಜಮಾನರು ವೈದ್ಯರನ್ನು ಕಂಡರು. ಸಾಲವಿನ್ನೂ ಪೂರ್ತಿ ತೀರಿಲ್ಲ. ಒಮ್ಮೊಮ್ಮೆ ದನಿ ಏರುತ್ತದೆ, ಆಗ ತಾವೇ ಎದ್ದು ಹಿತ್ತಲಿಗೆ ಹೋಗುತ್ತಾರೆಂದು ಆ ತಾಯಿ ಹೇಳಿದರು. ಒಬ್ಬರೇ ದವಾಖಾನೆಗೆ ಹೋಗಲು ಸಂಕೋಚವಾಗುವವರು ಮಠಕ್ಕೆ ಬರಲಿ, ಜೊತೆಗೊಬ್ಬರನ್ನು ಕಳಿಸಿಕೊಡುತ್ತೇವೆ.