ಮದ್ದು ಗೊತ್ತಿದ್ದರೆ ಸಾಲದು, ಹೇಳಲೂ ಗೊತ್ತಿರಬೇಕು

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಯಾರಿಗಾದರೂ ಮೈಯ ಒಂದು ಬದಿಯಲ್ಲಿ ಉರಿಯುವ ಗುಳ್ಳೆಗಳು ಸಾಲಾಗಿ ಎದ್ದರೆ ಮನೆಯ ಹಿರಿಯರು ಹೇಳುವ ಹೆಸರು ‘ಸರ್ಪಸುತ್ತು’. ಹಾವಿನಂತೆ ಸುತ್ತಿಕೊಂಡು ತಲೆ-ಬಾಲ ಕೂಡಿದರೆ ಜೀವ ಉಳಿಯದು ಎಂಬ ಭಯ ಬೇರೆ. ಕೆಲವರು ನಾಗನಿಗೆ ಹರಕೆ ಹೇಳುತ್ತಾರೆ, ಕೆಲವರು ಊರಿನಲ್ಲಿ ಮದ್ದು ಕೊಡುವವರನ್ನು ಹುಡುಕಿಕೊಂಡು ಹೋಗುತ್ತಾರೆ.

ವೈದ್ಯರ ಲೆಕ್ಕದಲ್ಲಿ ಇದು ವೈರಸ್ ಕಾಯಿಲೆ. ಹಿಂದೆಂದೋ ಚಿಕನ್‌ಪಾಕ್ಸ್ ಬಂದು ಹೋದಾಗ ನರಗಳಲ್ಲಿ ಅಡಗಿ ಕುಳಿತ ವೈರಸ್ ಮತ್ತೆ ಎದ್ದಿರುತ್ತದೆ, ಅಷ್ಟೆ. ಗುಳ್ಳೆ ಕಾಣಿಸಿದ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು. ತಡವಾದರೆ, ಅದರಲ್ಲೂ ವಯಸ್ಸಾದವರಲ್ಲಿ, ಗುಳ್ಳೆ ಮಾಸಿದ ಮೇಲೂ ನೋವು ತಿಂಗಳುಗಟ್ಟಲೆ ಕಾಡಬಹುದು. ಕಣ್ಣಿನ ಹತ್ತಿರ ಎದ್ದಿದ್ದರೆ ದೃಷ್ಟಿಗೇ ಅಪಾಯ. ಹರಕೆ, ಲೇಪ ಎಂದು ಓಡಾಡುವಷ್ಟರಲ್ಲಿ ಆ ಮೂರು ದಿನ ಕಳೆದಿರುತ್ತದೆ.

ಹಾಗಾದರೆ ‘ಮೂಢನಂಬಿಕೆ ಬಿಡಿ’ ಎಂದು ಒಂದು ಪೋಸ್ಟರ್ ಅಂಟಿಸಿದರೆ ಆಯಿತೇ? ಕುಟುಂಬಕ್ಕೊಂದು ನಾಗಬನ ಇರುವ ಊರಿನಲ್ಲಿ ಆ ಪೋಸ್ಟರನ್ನು ಯಾರೂ ಎರಡನೇ ಸಲ ಓದುವುದಿಲ್ಲ. ‘ನಾಗನಿಗೆ ತಂಬಿಲ ಕೊಡಿ, ಆದರೆ ಇವತ್ತೇ ಡಾಕ್ಟರಲ್ಲಿಗೂ ಹೋಗಿ’ ಎಂದರೆ ಕೇಳುವವರಿದ್ದಾರೆ. ಈ ಒಂದು ವಾಕ್ಯ ಹೇಳಬೇಕಾದರೆ 72 ಗಂಟೆಯ ಲೆಕ್ಕ ಗೊತ್ತಿರುವ ವೈದ್ಯ ಬೇಕು, ಆ ಭಯ ಎಲ್ಲಿಂದ ಬಂತೆಂದು ಅರಿತ ಜಾನಪದದ ವಿದ್ಯಾರ್ಥಿ ಬೇಕು, ಅದನ್ನು ತುಳುವಿನಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಮನೆಗೆ ಮುಟ್ಟಿಸುವ ಮಾಧ್ಯಮದವರೂ ಬೇಕು. ನಮ್ಮಲ್ಲಿ ಈ ಮೂವರೂ ಇದ್ದಾರೆ. ಒಂದೇ ಮೇಜಿನ ಸುತ್ತ ಕುಳಿತದ್ದು ಮಾತ್ರ ಕಡಿಮೆ.

ಹೆಸರೊಂದು ದಾರಿ ತಪ್ಪಿಸುವುದಕ್ಕೆ ಮಂಗನ ಕಾಯಿಲೆಯೂ ಉದಾಹರಣೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ನಿಡ್ಲೆ, ಪಟ್ರಮೆ ಕಡೆ ನೂರಾರು ಜನರನ್ನು ಹಾಸಿಗೆ ಹಿಡಿಸಿತು, ಎಷ್ಟೋ ಜೀವ ತೆಗೆಯಿತು. ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಬಂದ ಸಂಕಟವದು. ರೋಗ ಹರಡುವುದು ಉಣ್ಣಿ. ಮಂಗವೂ ಅದರಿಂದ ಸಾಯುವ ಪ್ರಾಣಿ. ಆದರೆ ಹೆಸರು ಕೇಳಿದವರಿಗೆ ಮಂಗನ ಮೇಲೆ ಸಿಟ್ಟು ಬರುತ್ತದೆಯೇ ಹೊರತು, ತರಗೆಲೆ ಗುಡಿಸಲು ಕಾಡಿಗೆ ಹೋಗುವಾಗ ಕೈಕಾಲಿಗೆ ಎಣ್ಣೆ ಹಚ್ಚಿಕೊಳ್ಳಬೇಕೆಂಬುದು ಹೊಳೆಯುವುದಿಲ್ಲ.

ಮೂವರೂ ಸೇರಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಬಂಟ್ವಾಳ ತಾಲೂಕಿನ ಅಡ್ಯನಡ್ಕ ದಾಟಿದರೆ ಕಾಸರಗೋಡಿನ ಪೆರ್ಲ, ಅದರಾಚೆ ಪಡ್ರೆ. ಅಲ್ಲಿನ ಗೇರು ತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದ ಕಾಲದಲ್ಲೇ ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಪತ್ರಕರ್ತ ಶ್ರೀಪಡ್ರೆ ಬರೆದರು. ಆಮೇಲೆ ಅದೇ ಊರಿನಲ್ಲಿ ವೈದ್ಯವೃತ್ತಿ ಆರಂಭಿಸಿದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜ ಕಾಯಿಲೆಗಳು ಹೆಚ್ಚುತ್ತಿರುವುದನ್ನು ಗಮನಿಸಿದರು. ಅಂಬಿಕಾಸುತನ್ ಮಾಂಗಾಡ್ ಮಲಯಾಳದಲ್ಲಿ ‘ಎಣ್ಮಕಜೆ’ ಎಂಬ ಕಾದಂಬರಿಯನ್ನೇ ಬರೆದರು. ಊರಿನವರ ಹೋರಾಟವೂ ಸೇರಿ 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲಿ ಎಂಡೋಸಲ್ಫಾನ್‌ಗೆ ತಡೆ ಹಾಕಿತು. ಮೊದಲ ಬರಹದಿಂದ ತಡೆಯವರೆಗೆ ಸುಮಾರು ಮೂರು ದಶಕ! ಅದೇ ವಿಷ ಬೆಳ್ತಂಗಡಿಯ ಕೊಕ್ಕಡ, ಪಟ್ರಮೆ ಸುತ್ತಲೂ ಸುರಿದಿತ್ತು. ಬರೆಯುವವರು, ಚಿಕಿತ್ಸೆ ಕೊಡುವವರು, ಊರವರ ಮಾತು ದಾಖಲಿಸುವವರು ಮೊದಲ ದಿನದಿಂದಲೇ ಜತೆಗಿದ್ದಿದ್ದರೆ ಆ ಮೂರು ದಶಕದಲ್ಲಿ ಸ್ವಲ್ಪವಾದರೂ ಉಳಿಯುತ್ತಿತ್ತು ಎಂದು ನನ್ನ ನಂಬಿಕೆ.

ದಿನಕ್ಕೆ ನೂರು ರೋಗಿಗಳನ್ನು ನೋಡುವ ಡಾಕ್ಟರಿಗೆ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ಈ ಕೆಲಸ ವಿದ್ಯಾರ್ಥಿಗಳಾದ ನಮ್ಮ ಪಾಲಿಗೆ ಬರಬೇಕು. ಮೂಡುಬಿದಿರೆಯ ಆಳ್ವಾಸ್‌ನಲ್ಲಿ ಆಯುರ್ವೇದ, ನರ್ಸಿಂಗ್, ಸಮಾಜಕಾರ್ಯ, ಪತ್ರಿಕೋದ್ಯಮ ಎಲ್ಲವೂ ಇವೆ. ಉಜಿರೆಯ ಎಸ್‌ಡಿಎಂ ಸಂಸ್ಥೆಗಳಲ್ಲಿ ಪ್ರಕೃತಿ ಚಿಕಿತ್ಸೆ ಕಲಿಯುವವರೂ ಪತ್ರಿಕೋದ್ಯಮ ಓದುವವರೂ ಇದ್ದಾರೆ. ಕ್ಯಾಂಟೀನಿನಲ್ಲಿ ಒಟ್ಟಿಗೆ ಚಹಾ ಕುಡಿಯುವ ನಾವು ಸಂಶೋಧನೆಗೆ ಮಾತ್ರ ಬೇರೆ ಬೇರೆ ಕೋಣೆ ಸೇರುತ್ತೇವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೂರು ವಿಭಾಗಗಳಿಂದ ಒಬ್ಬೊಬ್ಬರನ್ನು ಸೇರಿಸಿ ಒಂದು ತಂಡ ಮಾಡಲು ಹೊಸ ಕಟ್ಟಡ ಬೇಡ, ಕಾಲೇಜಿನ ಒಪ್ಪಿಗೆ ಸಾಕು.

ಆ ತಂಡ ಮೊದಲು ಮಾಡಬೇಕಾದ ಕೆಲಸ ಭಾಷಣವಲ್ಲ, ಕೇಳುವುದು. ಸರ್ಪಸುತ್ತು ಎದ್ದಾಗ ಮೊದಲು ಯಾರ ಹತ್ತಿರ ಹೋದಿರಿ, ಎಷ್ಟನೇ ದಿನ ಆಸ್ಪತ್ರೆಗೆ ಬಂದಿರಿ, ಯಾರ ಮಾತು ನಂಬಿದಿರಿ? ಒಂದು ಗ್ರಾಮದಲ್ಲಿ ಇಷ್ಟು ಕೇಳಿ ಬರೆದುಕೊಂಡರೂ ಮುಂದಿನ ದಾರಿ ಕಾಣುತ್ತದೆ. ಊರಿನಲ್ಲಿ ಮದ್ದು ಕೊಡುವವರನ್ನೂ ಮಾತನಾಡಿಸಬೇಕು. ‘ಕಣ್ಣಿನ ಹತ್ತಿರ ಎದ್ದಿದ್ದರೆ ನನ್ನಲ್ಲಿ ನಿಲ್ಲಬೇಡಿ, ಆಸ್ಪತ್ರೆಗೆ ಹೋಗಿ’ ಎಂದು ಅವರೇ ಹೇಳಿದರೆ ಅದಕ್ಕಿಂತ ದೊಡ್ಡ ಪ್ರಚಾರ ಬೇರೆ ಬೇಕಿಲ್ಲ. ಕೇಳಿ ತಿಳಿದದ್ದನ್ನು ಜನರಿಗೆ ತಲುಪಿಸಲು ಮಂಗಳೂರಿನ ರೇಡಿಯೋ ಸಾರಂಗ್‌ನಂಥ ಸಮುದಾಯ ಬಾನುಲಿ ಇದೆ, ಊರಿನ ಯಕ್ಷಗಾನ ತಂಡಗಳಿವೆ, ಎಲ್ಲರ ಕೈಯಲ್ಲೂ ವಾಟ್ಸ್ಆ್ಯಪ್ ಇದೆ. ಸುಳ್ಳು ಸುದ್ದಿ ಆ ದಾರಿಯಲ್ಲಿ ದಿನವೂ ಬರುತ್ತಿದೆ. ಈ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಗೆಳೆಯರು ಪಕ್ಕದ ವಿಭಾಗದ ಬಾಗಿಲನ್ನು ಒಮ್ಮೆ ತಟ್ಟಿ ನೋಡಲಿ.