ಗುಡ್ಡದ ಮೇಲಿನ ಹಸಿರು ಮೈದಾನ

ನಮ್ಮ ಶಾಲೆಗಳ ಫುಟ್‌ಬಾಲ್ ಹುಚ್ಚಿನ ಹುಡುಗರಿಗೆ ಮ್ಯಾಂಚೆಸ್ಟರ್, ಲಿವರ್‌ಪೂಲ್ ತಂಡಗಳ ಆಟಗಾರರ ಹೆಸರೆಲ್ಲ ಬಾಯಿಪಾಠ. ಆವರ್ತ ಕೋಷ್ಟಕದ ಮೊದಲ ಇಪ್ಪತ್ತು ಧಾತುಗಳನ್ನು ಕೇಳಿದರೆ ಮಾತ್ರ ತಲೆ ಕೆರೆದುಕೊಳ್ಳುತ್ತಾರೆ! ಇರಲಿ. ಫಾರೆಸ್ಟ್ ಗ್ರೀನ್ ರೋವರ್ಸ್ ಎಂಬ ತಂಡದ ಹೆಸರನ್ನು ಇವರಲ್ಲಿ ಎಷ್ಟು ಮಂದಿ ಕೇಳಿದ್ದಾರು?

ಇಂಗ್ಲೆಂಡಿನ ನೈಋತ್ಯ ಭಾಗದ ಗ್ಲಾಸ್ಟರ್‌ಷೈರ್‌ನಲ್ಲಿ ನೇಲ್ಸ್‌ವರ್ತ್ ಎಂಬ ಪುಟ್ಟ ಊರಿದೆ. ಅದಕ್ಕೆ ಸೇರಿದಂತೆ ಗುಡ್ಡದ ಮೇಲಿರುವುದೇ ಫಾರೆಸ್ಟ್ ಗ್ರೀನ್. ಎಲ್ಲ ಸೇರಿಸಿ ಎಣಿಸಿದರೂ ಆರು ಸಾವಿರದ ಆಸುಪಾಸಿನ ಜನ. ಈ ಊರಿನಲ್ಲಿ ಪೀಚ್ ಎಂಬ ಪಾದ್ರಿಯೊಬ್ಬರು 1889ರಲ್ಲಿ ಫುಟ್‌ಬಾಲ್ ಕ್ಲಬ್ಬೊಂದನ್ನು ಆರಂಭಿಸಿದರು. ಇಂಗ್ಲೆಂಡಿನ ಪ್ರಸಿದ್ಧ ಫುಟ್‌ಬಾಲ್ ಲೀಗ್ ಹುಟ್ಟಿದ್ದು ಅದರ ಹಿಂದಿನ ವರ್ಷವಷ್ಟೇ.

ಆ ಲೀಗಿನ ಏರ್ಪಾಡನ್ನು ಇಲ್ಲಿ ಸ್ವಲ್ಪ ಹೇಳಬೇಕು. ಅಲ್ಲಿನ ಪುರುಷರ ಫುಟ್‌ಬಾಲ್ ಏಣಿಯ ಮೆಟ್ಟಿಲುಗಳಂತೆ ಇದೆ. ಮೇಲಿನ ನಾಲ್ಕು ಮೆಟ್ಟಿಲುಗಳಲ್ಲಿ 92 ತಂಡಗಳು. ಐದನೆಯ ಮೆಟ್ಟಿಲಿನಿಂದ ಕೆಳಗಿರುವ ಸಾವಿರಾರು ತಂಡಗಳಿಗೆಲ್ಲ ಒಟ್ಟಾಗಿ 'ನಾನ್-ಲೀಗ್' ಎಂದು ಹೆಸರು. ಅಲ್ಲಿ ಆಡುವವರಲ್ಲಿ ಅನೇಕರು ಹಗಲು ಬೇರೆ ಕೆಲಸ ಮಾಡಿ ಸಂಜೆ ಅಭ್ಯಾಸಕ್ಕೆ ಬರುವವರು. ಗೆದ್ದವರು ಮೇಲಿನ ತರಗತಿಗೆ, ಸೋತವರು ಕೆಳಗಿನ ತರಗತಿಗೆ ಎಂಬ ನಿಯಮ ಮೊದಲಿನಿಂದಲೂ ಇತ್ತೆಂದು ನಾವು ಭಾವಿಸುತ್ತೇವೆ. ಆದರೆ ನಾಲ್ಕನೆಯ ಮತ್ತು ಐದನೆಯ ಮೆಟ್ಟಿಲುಗಳ ನಡುವಿನ ಬಾಗಿಲು ಗೆಲುವಿನ ಬಲದಿಂದ ತಾನಾಗಿ ತೆರೆಯತೊಡಗಿದ್ದು 1987ರಲ್ಲಿ. ಅದಕ್ಕೆ ಮೊದಲು ಲೀಗಿನ ಒಳಗಿದ್ದ ಕ್ಲಬ್ಬುಗಳೇ ಮತ ಹಾಕಿ ಯಾರನ್ನು ಸೇರಿಸಬೇಕೆಂದು ತೀರ್ಮಾನಿಸುತ್ತಿದ್ದವು. ಒಳಗಿದ್ದವರು ಒಳಗಿದ್ದವರನ್ನೇ ಉಳಿಸಿಕೊಳ್ಳುವುದು ಲೋಕದಲ್ಲಿ ಹೊಸದೇನಲ್ಲವಷ್ಟೆ. ಹೀಗಾಗಿ ಹಳ್ಳಿಯ ತಂಡ ಎಷ್ಟೇ ಚೆನ್ನಾಗಿ ಆಡಿದರೂ ಆ ಬಾಗಿಲು ಬಲು ದೂರ.

ಫಾರೆಸ್ಟ್ ಗ್ರೀನ್ ತಂಡ ತನ್ನ ಮೊದಲ ಹಲವು ದಶಕಗಳನ್ನು ಸುತ್ತಮುತ್ತಲಿನ ಊರುಗಳ ಲೀಗುಗಳಲ್ಲೇ ಕಳೆಯಿತು. 1982ರಲ್ಲಿ ಒಂದು ಸಂಭ್ರಮ ಒದಗಿತು. ಸಣ್ಣ ಕ್ಲಬ್ಬುಗಳಿಗಾಗಿಯೇ ನಡೆಯುವ ಎಫ್.ಎ. ವಾಜ್ ಸ್ಪರ್ಧೆಯ ಅಂತಿಮ ಪಂದ್ಯದಲ್ಲಿ, ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ, ರೇನ್‌ವರ್ತ್ ಎಂಬ ಗಣಿ ಪ್ರದೇಶದ ತಂಡವನ್ನು 3-0ರಿಂದ ಸೋಲಿಸಿತು. 1989ರಲ್ಲಿ ಹೆಚ್ಚು ಜನ ಬರಲೆಂದು ಪಕ್ಕದ ದೊಡ್ಡ ಊರಾದ ಸ್ಟ್ರೌಡ್‌ನ ಹೆಸರನ್ನು ಇಟ್ಟುಕೊಂಡು ನೋಡಿತು. ಮೂರೇ ವರ್ಷಗಳಲ್ಲಿ ಹಳೆಯ ಹೆಸರೇ ಮರಳಿತು. 1998ರಲ್ಲಿ ಐದನೆಯ ಮೆಟ್ಟಿಲು ಸಿಕ್ಕಿತು. ಅಲ್ಲೂ ನಿಶ್ಚಿಂತೆಯೇನಿರಲಿಲ್ಲ. 2010ರಲ್ಲಿ ಕೆಳಕ್ಕೆ ಬೀಳುವ ಸ್ಥಾನದಲ್ಲಿದ್ದ ಈ ತಂಡ ಉಳಿದದ್ದು, ಬೇರೊಂದು ಕ್ಲಬ್ಬನ್ನು ಹಣಕಾಸಿನ ಕಾರಣಕ್ಕೆ ಹೊರಹಾಕಿದ್ದರಿಂದ!

ಅದೇ ವರ್ಷ ಡೇಲ್ ವಿನ್ಸ್ ಎಂಬುವರು ಹಣವಿಲ್ಲದೆ ತೊಳಲುತ್ತಿದ್ದ ಈ ಕ್ಲಬ್ಬಿನ ಹೊಣೆ ಹೊತ್ತರು. 1996ರಲ್ಲಿ ಹತ್ತಿರದ ಗುಡ್ಡದ ಮೇಲೆ ಗಾಳಿಯಂತ್ರ ನಿಲ್ಲಿಸಿ ವಿದ್ಯುತ್ ವ್ಯವಹಾರಕ್ಕೆ ಇಳಿದವರು ಇವರು. ವಿಜ್ಞಾನದ ಮೇಷ್ಟ್ರಾದ ನನಗೆ ಇಲ್ಲಿಂದ ಮುಂದಿನ ಕಥೆ ಹೆಚ್ಚು ಸ್ವಾರಸ್ಯದ್ದು. ಪ್ರೇಕ್ಷಕರ ಗ್ಯಾಲರಿಯ ಸೂರಿನ ಮೇಲೆ ಸೌರಫಲಕಗಳು ಬಂದವು. ಮೈದಾನಕ್ಕೆ ರಾಸಾಯನಿಕ ಗೊಬ್ಬರ, ಕಳೆನಾಶಕ ನಿಂತುಹೋದವು. ಅಂಕಣದಿಂದ ಬಸಿದ ನೀರನ್ನು ಹಿಡಿದಿಟ್ಟು ಮತ್ತೆ ಹುಲ್ಲಿಗೇ ಬಿಡುವ ವ್ಯವಸ್ಥೆಯಾಯಿತು. ಹುಲ್ಲು ಕತ್ತರಿಸಲು ತಾನೇ ಓಡಾಡುವ ಯಂತ್ರ ಬಂತು.

ಗೊಬ್ಬರವಿಲ್ಲದೆ ಹುಲ್ಲು ಬದುಕುವುದು ಹೇಗೆ? ಗೊಬ್ಬರವಿದೆ, ಚೀಲದಲ್ಲಿ ಬರುವುದಿಲ್ಲ ಅಷ್ಟೆ. ಮಣ್ಣಿನ ಸೂಕ್ಷ್ಮಜೀವಿಗಳು ಸಾವಯವ ವಸ್ತುವನ್ನು ಕೊಳೆಯಿಸಿ ಸಾರಜನಕವನ್ನು ಬೇರಿಗೆ ಒದಗಿಸುತ್ತವೆ. ಸಣ್ಣಗೆ ತುಂಡಾದ ಹುಲ್ಲನ್ನು ಅಲ್ಲಿಯೇ ಬಿಟ್ಟರೆ ಅದೂ ಇವುಗಳಿಗೆ ಊಟ. ನಿಜವಾದ ಕಷ್ಟ ಬೂಟುಗಳದ್ದು. ತುಳಿತಕ್ಕೆ ಮಣ್ಣಿನ ಕಣಗಳ ನಡುವಿನ ಸಂದುಗಳು ಮುಚ್ಚಿಹೋಗಿ ಬೇರಿಗೆ ಗಾಳಿ ಸಿಗುವುದಿಲ್ಲ, ನೀರೂ ಇಂಗುವುದಿಲ್ಲ. ಗೋಲಿನ ಮುಂದೆ ಹುಲ್ಲು ಮೊದಲು ಸಾಯುವುದು ಇದರಿಂದಲೇ.

2015ರ ಹೊತ್ತಿಗೆ ಕ್ಲಬ್ಬಿನ ಊಟದಿಂದ ಮಾಂಸ ಮಾತ್ರವಲ್ಲ, ಹಾಲೂ ಹೋಯಿತು. ಮೆಲುಕು ಹಾಕುವ ದನಗಳ ಹೊಟ್ಟೆಯಲ್ಲಿ ಹುಟ್ಟುವ ಮೀಥೇನ್ ಭೂಮಿಯ ಕಾವನ್ನು ಹೆಚ್ಚಿಸುತ್ತದೆ ಎಂಬುದು ಇದರ ಹಿಂದಿನ ಕಾರಣಗಳಲ್ಲೊಂದು. ಇನ್ನೊಬ್ಬರ ತಟ್ಟೆಗೆ ಕೈ ಹಾಕುವುದು ನನಗೆ ಅಷ್ಟು ರುಚಿಸುವುದಿಲ್ಲ. ಆದರೆ ಮೈದಾನದಲ್ಲಿ ಮಾರುವುದೇನು ಎಂಬುದಷ್ಟೇ ಅಲ್ಲಿನ ನಿಯಮ, ಮನೆಯಲ್ಲಿ ಅವರವರ ಇಷ್ಟ.

2017ರಲ್ಲಿ ವೆಂಬ್ಲಿಯಲ್ಲಿ ಟ್ರಾನ್‌ಮಿಯರ್ ರೋವರ್ಸ್ ತಂಡವನ್ನು 3-1ರಿಂದ ಸೋಲಿಸಿ ನಾಲ್ಕನೆಯ ಮೆಟ್ಟಿಲು ಹತ್ತಿದರು. ಅಷ್ಟು ಚಿಕ್ಕ ಊರಿನ ತಂಡ ಆ ಲೀಗಿಗೆ ಹಿಂದೆಂದೂ ಬಂದಿರಲಿಲ್ಲ. 2022ರಲ್ಲಿ ಮೂರನೆಯದು. ವಿನ್ಸ್ ಅವರ ಹಣವಿಲ್ಲದೆ ಇದಾಗುತ್ತಿರಲಿಲ್ಲ ಎನ್ನುವವರಿದ್ದಾರೆ, ನಿಜವೇ. ಆದರೆ ಅವರು ಬರುವ ತನಕ 121 ವರ್ಷ ಕ್ಲಬ್ಬು ಬದುಕಿತ್ತಲ್ಲ, ಅದು ಊರಿನವರ ಲೆಕ್ಕಕ್ಕೆ ಸೇರಬೇಕು.

ಏರಿದಷ್ಟೇ ಬೇಗ ಇಳಿದದ್ದೂ ಆಯಿತು. 2023ರಲ್ಲಿ ಕೊನೆಯ ಸ್ಥಾನ, 2024ರಲ್ಲಿ ಮತ್ತೆ ಕೊನೆಯ ಸ್ಥಾನ. ತಂಡ ತಿರುಗಿ ನಾನ್-ಲೀಗಿಗೆ ಬಂತು. ಬಿದ್ದೆವೆಂದು ಸೌರಫಲಕಗಳನ್ನು ಕಿತ್ತಿಡಲಿಲ್ಲ, ಯೂರಿಯಾ ಚೀಲವನ್ನು ತರಿಸಲೂ ಇಲ್ಲ. ಮಗ ಒಂದು ಪರೀಕ್ಷೆಯಲ್ಲಿ ಹಿಂದೆ ಬಿದ್ದ ಕೂಡಲೇ ಆಟ, ಓದುವ ಕಥೆಪುಸ್ತಕ ಎಲ್ಲವನ್ನೂ ಬಿಡಿಸುವ ಪಾಲಕರು ಇದನ್ನು ಗಮನಿಸಬಹುದು.

ವಿದ್ಯಾರ್ಥಿಗಳಿಗೆ ಒಂದು ಪ್ರಯೋಗ. ತಳ ಮತ್ತು ಮುಚ್ಚಳ ತೆಗೆದ ಡಬ್ಬಿಯೊಂದನ್ನು ನಿಮ್ಮ ಶಾಲೆಯ ಮೈದಾನದಲ್ಲಿ ಗೋಲಿನ ಮುಂದೆ ಬೆರಳಗಲ ಮಣ್ಣಿಗೆ ಒತ್ತಿ, ಒಂದು ಲೋಟ ನೀರು ಸುರಿದು, ಅದು ಇಂಗಲು ಎಷ್ಟು ನಿಮಿಷ ಬೇಕೆಂದು ಬರೆದುಕೊಳ್ಳಿ. ಬಳಿಕ ಯಾರೂ ತುಳಿಯದ ಮೂಲೆಯಲ್ಲಿ ಅದನ್ನೇ ಮಾಡಿ. ಮಳೆ ಬಂದ ಮರುದಿನ ಮಾತ್ರ ಬೇಡ, ಲೆಕ್ಕ ತಪ್ಪುತ್ತದೆ.